ಹೊಳಿಯಪ್ಪನ ಒಂಬತ್ತು ಕ್ಯಾಸೆಟ್ಟು

ಕುಷ್ಟಗಿಯಲ್ಲಿದ್ದುಕೊಂಡು ಹೊಳಿಯಪ್ಪನ ಹಾಡು ಕಿವಿಗೆ ಬೀಳದಂತೆ ಬದುಕುವುದು ಸುಲಭದ ಮಾತಲ್ಲ. ಹಂಪವ್ವ ಇಪ್ಪತ್ತೈದು ವರ್ಷ ಹಾಗೆ ಬದುಕಿದ್ದಳು. ಮದುವೆಯ ಮೆರವಣಿಗೆ ಓಣಿಗೆ ಬಂತೆಂದರೆ ಒಳಗೆ ಹೋಗಿ ಮಿಕ್ಸಿ ಹಚ್ಚುತ್ತಿದ್ದಳು. ಬಸ್ಸಿನಲ್ಲಿ ಡ್ರೈವರ್ ಆ ಹಾಡು ಹಾಕಿದರೆ ಮುಂದಿನ ಸ್ಟಾಪಿಗೆ ಇಳಿದು ಇನ್ನೊಂದು ಬಸ್ಸಿಗೆ ಕಾಯುತ್ತಿದ್ದಳು. ಹೋದ ವರ್ಷ ಹನುಮಸಾಗರದಲ್ಲಿ ಹೊಳಿಯಪ್ಪ ತೀರಿಕೊಂಡಾಗ ಊರೆಲ್ಲ ಟೆಂಪೋ ಮಾಡಿಕೊಂಡು ಮಣ್ಣಿಗೆ ಹೋಯಿತು. ಹಂಪವ್ವ ಎಂದಿನಂತೆ ಶಾಲೆಗೆ ಹೋಗಿ ಇನ್ನೂರು ಮಕ್ಕಳಿಗೆ ಅನ್ನ ಸಾರು ಮಾಡಿದಳು.

ಹೊಳಿಯಪ್ಪ ತಾನೇ ಹಾಡು ಕಟ್ಟಿ ತಾನೇ ಹಾಡುತ್ತಿದ್ದವನು. ಒಟ್ಟು ಒಂಬತ್ತು ಕ್ಯಾಸೆಟ್ಟು ಬಂದವು. ಮೊದಲ ಆರರಲ್ಲಿ ಹಿಮ್ಮೇಳದ ಹೆಣ್ಣುದನಿ ಹಂಪವ್ವನದು. ಕವರಿನ ಮೇಲೆ ಅವಳ ಹೆಸರು ಎರಡರಲ್ಲಿ ಮಾತ್ರ ಇತ್ತು.

ಭಾನುವಾರ ಮಧ್ಯಾಹ್ನ ಅವಳು ಕಟ್ಟೆಯ ಮೇಲೆ ಕೂತು ಅಲಸಂದಿ ಹಸನು ಮಾಡುತ್ತಿದ್ದಾಗ ಜಾಸ್ಮೀನ ಬಂದಳು. ಹೊಳಿಯಪ್ಪನ ಮೇಳದಲ್ಲಿ ಢೋಲಕಿ ಬಾರಿಸುತ್ತಿದ್ದ ಮದಾರಸಾಬನ ಕಿರಿಯ ಮಗಳು, ಕೊಪ್ಪಳದಲ್ಲಿ ಎಂ.ಎ. ಓದುತ್ತಿದ್ದಳು. ಹಂಪವ್ವ ಅವಳನ್ನು ನೋಡಿದ್ದು ತೊಟ್ಟಿಲಲ್ಲಿದ್ದಾಗ.

"ಅತ್ತಿ, ಅಬ್ಬಾನ ಟ್ರಂಕಿನ್ಯಾಗ ಒಂಬತ್ತೂ ಕ್ಯಾಸೆಟ್ ಸಿಕ್ಕವ್ರಿ. ಎಲ್ಲಾ ಫೋನಿಗೆ ಹಾಕ್ಕೊಂಡೀನಿ," ಎಂದಳು ನೀರು ಕುಡಿದು. "ನಮ್ಮ ಕ್ಲಾಸಿನವ್ರು ಕೇಳ್ತಾರ, ಇಷ್ಟದಾವಲ್ಲ, ಎಲ್ಲಿಂದ ಸುರು ಮಾಡೂಣು ಅಂತ. ಅದನ್ನ ಬರದು ನೆಟ್ಟಿಗೆ ಹಾಕಬೇಕಂತ ಮಾಡೀನ್ರಿ. ಅಬ್ಬಾನ್ನ ಕೇಳಿದ್ರ, ನನಗೇನು ತಿಳಿತೈತಿ, ಹಂಪವ್ವನ್ನ ಕೇಳು ಅಂದ್ರು."

ಹಂಪವ್ವ ಮೊರ ಕೆಳಗಿಟ್ಟಳು. ಒಲ್ಲೆ ಎನ್ನಬೇಕೆಂದುಕೊಂಡವಳು ಹುಡುಗಿಯ ಮುಖ ನೋಡಿದಳು. ಮದಾರಸಾಬನದೇ ಗದ್ದ, ಅವನದೇ ಹಲ್ಲು.

"ಮೊದಲನೇದರಿಂದ ಸುರು ಮಾಡಬ್ಯಾಡ್ರಿ. ಅದರಾಗ ಅವನ ದನಿ ಇನ್ನೂ ಕುಂತಿದ್ದಿಲ್ಲ, ಬರೇ ಒದರ್‍ಯಾನ. ಎರಡನೇದು ಛಲೋ. ಗಂಗಾವತಿ ಕಡೆ ಭತ್ತ ನಾಟಿ ಮಾಡಾಕ ಹೋಗೋ ಹೆಣ್ಮಕ್ಕಳ ಮ್ಯಾಲ ಕಟ್ಟಿದ್ದು. ಕೇಳಿದ್ರ ಕಾಲು ಕೆಸರಾಗ ಇಟ್ಟಂಗ ಆಗತೈತಿ. ನಾಕನೇದು, ಐದನೇದು ಕೇಳ್ರಿ. ಆರನೇದರಾಗ ಒಂದು ಹಾಡೈತಿ, ವಿರೂಪಾಪುರಗಡ್ಡಿ ಅಂಬಿಗನ ಹಾಡು. ಹೊಳಿಯಪ್ಪ ಅದನ್ನ ಕಟ್ಟಿದಾಗ ನಾ ಎದುರಿಗೇ ಇದ್ದೆ."

ಜಾಸ್ಮೀನ ಬರೆದುಕೊಳ್ಳುತ್ತಿದ್ದಳು. ಪೆನ್ನು ನಿಂತಿತು. "ಮೂರನೇದು ಬಿಟ್ರಿ?"

"ಮೂರನೇದು ಎಲ್ಲಾರಿಗೂ ಗೊತ್ತೈತಲ್ಲ."

"ಅದಕ್ಕ ಕೇಳಿದೆ. ಎಲ್ಲಾರೂ ಅದರಿಂದ್ಲೇ ಸುರು ಮಾಡ್ತಾರ. 'ಗೆಜ್ಜಿ ಬಿಚ್ಚಿಟ್ಟು ಹೊಂಟಿ ಎಲ್ಲಿಗೆ ಹುಡುಗಿ'..." ಹುಡುಗಿ ಹಗುರಾಗಿ ತೊಡೆ ತಟ್ಟಿ ತಾಳ ಹಾಕಿದಳು. ಹಂಪವ್ವ ಮತ್ತೆ ಮೊರ ಎತ್ತಿಕೊಂಡಳು.

ಆ ಹಾಡು ಹುಡುಗಿಯದಲ್ಲ, ಮಗಳದು. ಹಂಪವ್ವನ ಚೊಚ್ಚಲ ಮಗಳು ಮೂರು ವರ್ಷದವಳಿದ್ದಾಗ ಎರಡು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಗಂಡ ಗವಿಸಿದ್ದಪ್ಪ ಕೂಸಿನ ಅಂಗಿ, ಬಟ್ಟಲು, ಎಲ್ಲ ಗಂಟು ಕಟ್ಟಿ ಎಲ್ಲಿಯೋ ಕೊಟ್ಟು ಬಂದ. ಅಂದಿನಿಂದ ಕೂಸಿನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಆಮೇಲೆ ಹುಟ್ಟಿದ ಇಬ್ಬರು ಗಂಡುಮಕ್ಕಳಿಗೆ ತಮಗೊಬ್ಬ ಅಕ್ಕ ಇದ್ದಳೆಂಬುದೂ ಸರಿಯಾಗಿ ಗೊತ್ತಿರಲಿಲ್ಲ. ಹಂಪವ್ವ ಒಬ್ಬಳೇ ಇದ್ದಾಗ, ರೊಟ್ಟಿ ಬಡಿಯುವಾಗ, ತಾನೇ ಕಟ್ಟಿಕೊಂಡ ನಾಲ್ಕು ನುಡಿ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದಳು. 'ಗೆಜ್ಜಿ ಬಿಚ್ಚಿಟ್ಟು ಹೋದಿ ಎಲ್ಲಿಗೆ ಮಗಳ, ಹೊಸ್ತಿಲ ದಾಟೂದು ಕಲಿಸಿದವರ್‍ಯಾರ.'

ಮೂರನೇ ಕ್ಯಾಸೆಟ್ಟಿಗೆ ಗಂಗಾವತಿಯ ರೆಕಾರ್ಡಿಂಗ್ ಕೋಣೆಯ ಹೊರಗೆ ಕಾಯುತ್ತ ಕೂತಾಗ ಅದನ್ನು ಗುನುಗಿದಳು. ಹೊಳಿಯಪ್ಪ ಕೇಳಿಸಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. "ಇದನ್ನ ಹಾಡೂಣೇನು ಹಂಪವ್ವ? ನಿನ್ನ ಎದಿ ಹಗರಾಗತೈತಿ," ಎಂದ. ಅವಳು ಹೂಂ ಅಂದಳು. ಒಳಗೆ ಹೋದಾಗ ರೆಕಾರ್ಡಿಂಗ್ ಮಾಡುವವನು, ಅಳು ಕೊಳ್ಳುವವರು ಯಾರು ಎಂದು ಕೇಳಿ ಮೆಷಿನ್ನಿನ ತಾಳ ಹಾಕಿದ. 'ಮಗಳ' ಹೋಗಿ 'ಹುಡುಗಿ' ಆಯಿತು. ನಾಲ್ಕನೇ ನುಡಿ ಬಿದ್ದುಹೋಯಿತು. ಹೊಳಿಯಪ್ಪ ಒಮ್ಮೆ ಅವಳ ಕಡೆ ತಿರುಗಿ ನೋಡಿದ. ಅವಳು ಬ್ಯಾಡ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂಬುದು ಅವಳಿಗೆ ಇವತ್ತಿಗೂ ತಿಳಿದಿಲ್ಲ.

ಆ ವರ್ಷ ಜಿಲ್ಲೆಯ ತುಂಬ ಅದೇ ಹಾಡು. ಆಮೇಲೂ ನಾಲ್ಕು ವರ್ಷ ಅದಕ್ಕೆ ಹಿಮ್ಮೇಳ ಹಾಡಿದಳು. ಕಡೆಗೆ ಯಲಬುರ್ಗಾದ ಒಂದು ಮದುವೆಯಲ್ಲಿ ಮಂದಿ ಅದನ್ನು ಮೂರು ಸಲ ಹಾಡಿಸಿದರು. ನಾಲ್ಕನೇ ಸಲ ಕೂಗಿದಾಗ ಹಂಪವ್ವ ಮೈಕು ಕೆಳಗಿಟ್ಟು, ಸ್ಟೇಜಿನ ಹಿಂದಿನಿಂದ ಇಳಿದು ನೇರ ಬಸ್ ಸ್ಟ್ಯಾಂಡಿಗೆ ನಡೆದಳು. ಮತ್ತೆ ಮೇಳದ ಕಡೆ ಹೋಗಲಿಲ್ಲ.

ಇದನ್ನೆಲ್ಲ ಅವಳು ಜಾಸ್ಮೀನಳಿಗೆ ಹೇಳಲಿಲ್ಲ. "ಮೂರನೇದು ನನಗ ಸೇರಂಗಿಲ್ಲವ್ವ," ಎಂದಳಷ್ಟೇ.

ಜಾಸ್ಮೀನ ತಲೆಬಗ್ಗಿಸಿ ಪೆನ್ನಿನ ಮುಚ್ಚಳ ತಿರುವಿದಳು. "ಗೊತ್ತೈತ್ರಿ ಅತ್ತಿ. ಒಂಬತ್ತನೇದು ಕೇಳೀನಲ್ಲ. ಅದಕ್ಕ ನಿಮ್ಮನ್ನ ಕೇಳಾಕ ಬಂದೆ, ಅದರಿಂದ್ಲೇ ಸುರು ಮಾಡ್ರಿ ಅಂತ ಬರದ್ರ ನಡೀತೈತೇನು ಅಂತ."

"ಒಂಬತ್ತನೇದರಾಗ ಏನೈತಿ?"

ಹುಡುಗಿ ಗಾಬರಿಯಾಗಿ ತಲೆ ಎತ್ತಿದಳು. "ನೀವು ಕೇಳಿಲ್ಲೇನ್ರಿ?"

ಒಂಬತ್ತನೇ ಕ್ಯಾಸೆಟ್ಟು ಬಂದದ್ದು ಎರಡು ಸಾವಿರದ ಎಂಟರಲ್ಲಿ. ಅಷ್ಟೊತ್ತಿಗೆ ಜನ ಕ್ಯಾಸೆಟ್ಟು ಬಿಟ್ಟು ಸಿ.ಡಿ.ಗೆ ಹೋಗಿದ್ದರು. ಯಾರೂ ಕೊಳ್ಳಲಿಲ್ಲ, ಯಾವ ಬಸ್ಸಿನಲ್ಲೂ ಹಾಕಲಿಲ್ಲ. ಜಾಸ್ಮೀನ ಫೋನು ಮೊರದ ಪಕ್ಕಕ್ಕಿಟ್ಟು ಕಡೆಯ ಹಾಡು ಹಚ್ಚಿದಳು.

ಮೊದಲು ಹಾರ್ಮೋನಿಯಂ. ಆಮೇಲೆ ಹೊಳಿಯಪ್ಪನ ಮಾತು, ಮುದಿಯಾದ, ದಮ್ಮು ಹತ್ತಿದ ದನಿ. "ಇದು ನಾ ಕಟ್ಟಿದ ಹಾಡಲ್ಲ. ಕುಷ್ಟಗಿ ಹಂಪವ್ವ ಕಟ್ಟಿದ್ದು. ಆಕಿ ಅತ್ತು ಹಾಡಿದ್ದನ್ನ ನಾ ಮಂದೀನ ಕುಣಿಸಾಕ ಹಾಡಿದೆ. ತಪ್ಪಾತು."

ತಾಳವಿಲ್ಲ, ಢೋಲಕಿಯಿಲ್ಲ. ಹೊಳಿಯಪ್ಪ ಒಬ್ಬನೇ, ಅವಳು ಗುನುಗಿದ್ದ ಅದೇ ನಿಧಾನದಲ್ಲಿ, 'ಮಗಳ' ಎಂದೇ ಹಾಡಿದ. ಮೂರು ನುಡಿ ಮುಗಿಸಿ ನಿಂತ. "ನಾಕನೇದು ಆಕಿದು. ಅದನ್ನ ಹಾಡಾಕ ನನಗ ಬಾಯಿಲ್ಲ." ಮತ್ತೆ ಸ್ವಲ್ಪ ಹೊತ್ತು ಬರೀ ಹಾರ್ಮೋನಿಯಂ ನುಡಿದು ಹಾಡು ಮುಗಿಯಿತು.

ಹಂಪವ್ವನಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. "ಇದನ್ನ ಕ್ಯಾಸೆಟ್ಟಿನ್ಯಾಗ ತುಂಬಿಟ್ಟು ಹೋದ್ರ ನನಗ ಹ್ಯಾಂಗ ಗೊತ್ತಾಗಬೇಕು? ಬಂದು ಎದುರಿಗೆ ಹೇಳಾಕ ಏನಾಗಿತ್ತು ಅವಂಗ?"

"ಬಂದಿದ್ರಂತ್ರಿ," ಎಂದಳು ಜಾಸ್ಮೀನ ಮೆಲ್ಲಗೆ. "ಅಬ್ಬಾ ಹೇಳಿದ್ರು. ನೀವು ಬಾಗಿಲ ತಗೀಲಿಲ್ಲಂತ."

ನಿಜ. ಒಂದು ಬೇಸಿಗೆಯ ಮಧ್ಯಾಹ್ನ ಚೀಲ ಹಿಡಿದು ಅವನು ಬಾಗಿಲ ಮುಂದೆ ನಿಂತಿದ್ದನ್ನು ಕಿಟಕಿಯ ಸಂದಿನಿಂದ ನೋಡಿದ್ದಳು. ಮಗ್ಗುಲ ಮನೆಯವರಿಂದ, ಊರಾಗಿಲ್ಲ ಎಂದು ಹೇಳಿಸಿದ್ದಳು. ಅವನು ಬಹಳ ಹೊತ್ತು ನಿಂತೇ ಇದ್ದ. ಹೋಗುವಾಗ ಚಪ್ಪಲಿ ಎಳೆದುಕೊಂಡು ಹೋದ ಸದ್ದೂ ಈಗ ಕೇಳಿದಂತಾಯಿತು. ಆಮೇಲೆ ಹದಿನೈದು ವರ್ಷ ಅವನು ಬದುಕಿದ್ದ, ಬಸ್ಸಿನಲ್ಲಿ ಹೋದರೆ ತಾಸೊಂದರ ದಾರಿಯ ಊರಿನಲ್ಲಿ.

"ಇನ್ನೊಮ್ಮೆ ಹಚ್ಚು," ಎಂದಳು.

ಎರಡನೇ ಸಲ ಅವನ ಮೂರು ನುಡಿ ಮುಗಿದು ಹಾರ್ಮೋನಿಯಂ ಬಂದಾಗ ಅವಳು ಬಾಯಿ ತೆರೆದಳು. ಬಂದದ್ದು ಮೆರವಣಿಗೆಯ ಧಾಟಿ. ನಾಲಿಗೆ ತಾನಾಗಿಯೇ ಕುಣಿತದ ತಾಳ ಹಿಡಿಯಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಇಷ್ಟು ವರ್ಷ ಕಿವಿ ಮುಚ್ಚಿಕೊಂಡಿದ್ದರೂ ಅದು ಒಳಗೆ ಹೊಕ್ಕಿತ್ತು, ತನ್ನದು ಹೊರಗೆ ಹೋಗಿತ್ತು. ಆಗ ಅವಳಿಗೆ ಅಳು ಬಂತು. ಜಾಸ್ಮೀನ ಏನು ಮಾಡಬೇಕೆಂದು ತಿಳಿಯದೆ ಅವಳ ಮಂಡಿಯ ಮೇಲೆ ಕೈಯಿಟ್ಟು ಕೂತಳು.

ಮೂರು ಸಲ, ನಾಲ್ಕು ಸಲ ಕೇಳಿದರು. ಹೊಳಿಯಪ್ಪನ ಹಿಂದೆ ಹಿಂದೆಯೇ, ಮೊದಲು ಅವನು ಎಳೆದಲ್ಲಿ ಎಳೆದು, ನಿಲ್ಲಿಸಿದಲ್ಲಿ ನಿಲ್ಲಿಸಿ ಹಾಡುತ್ತ ಅವಳು ತನ್ನ ಧಾಟಿಯನ್ನು ಹುಡುಕಿಕೊಂಡಳು. ಐದನೇ ಸಲ ಹಾರ್ಮೋನಿಯಂ ಒಂಟಿಯಾದಾಗ ದನಿ ನಡುಗಿತು, ಆದರೆ ತಪ್ಪಲಿಲ್ಲ.

ಭವಾನಿ ಭವಾನಿ ಅಂತ ಬಾಗಿಲಾಗ ಕರದೆ
ಓಣಿ ಮಕ್ಕಳೆಲ್ಲ ಓ ಅಂತ ಬಂದ್ರು
ನೀ ಒಬ್ಬಾಕಿ ಬರಲಿಲ್ಲ ನನ ಮಗಳ

ಹಾಡಿ ತಲೆ ಎತ್ತಿದರೆ ಅಂಗಳದಲ್ಲಿ ಗವಿಸಿದ್ದಪ್ಪ ನಿಂತಿದ್ದ. ಮೋಟಾರು ರಿಪೇರಿ ಅಂಗಡಿಯಿಂದ ಊಟಕ್ಕೆ ಬಂದವನು, ಸೈಕಲ್ಲಿನ ಹ್ಯಾಂಡಲು ಹಿಡಿದೇ ಇದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಜಾಸ್ಮೀನ ಎದ್ದು ಫೋನು ತೆಗೆದುಕೊಂಡು, "ನಾ ಹೋಗಿ ಬರ್ತೀನ್ರಿ ಅತ್ತಿ," ಎಂದಳು. ಮೆಟ್ಟಿಲಿಳಿದವಳು ತಿರುಗಿ ಕೇಳಿದಳು, "ಏನಂತ ಬರೀಲಿ?"

"ಒಂಬತ್ತನೇದರಿಂದ ಸುರು ಮಾಡ್ರಿ ಅಂತ ಬರಿ," ಎಂದಳು ಹಂಪವ್ವ ಮೂಗು ಒರೆಸಿಕೊಂಡು. "ಮೂರನೇದು ಕೇಳಬ್ಯಾಡ್ರಿ ಅಂತ ಮಾತ್ರ ಬರೀಬ್ಯಾಡ. ಕುಣಿಯೋರಿಗೆ ಏನು ಗೊತ್ತು ಪಾಪ."

ಹುಡುಗಿ ಹೋದಮೇಲೆ ಗವಿಸಿದ್ದಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿ, ಕಟ್ಟೆಯ ತುದಿಗೆ ಕೂತ. ಕೈಯಲ್ಲಿ ಗ್ರೀಸಿನ ಕರಿ ಇನ್ನೂ ಹಾಗೇ ಇತ್ತು.

"ಅದು ನಮ್ಮ ಕೂಸಿಂದಾ?" ಎಂದ.

"ಹೂಂ."

"ನೀ ಯಾವತ್ತೂ ಹೇಳಲಿಲ್ಲ."

"ನೀವು ಆಕಿ ಹೆಸರು ಎತ್ತಗೊಡಲಿಲ್ಲ."

ಅವನು ಅಂಗೈಯ ಕರಿ ತಿಕ್ಕಿಕೊಂಡ. ರಸ್ತೆಯಲ್ಲಿ ದಾಳಿಂಬೆ ತುಂಬಿದ ಲಾರಿಯೊಂದು ಹಾದುಹೋಯಿತು. "ಕಲ್ಲೇಶನ ಮದುವ್ಯಾಗ ಆ ಹಾಡು ಹಚ್ಚಿದ್ರು," ಎಂದ. "ಮಗನ ಮದುವಿ ಅಂತ ನಾನೂ ಟಾವೆಲ್ ತಿರುವಿ ಕುಣದಿದ್ದೆ, ಹಂಪಿ."

"ನೋಡಿದ್ದೆ," ಎಂದಳು ಹಂಪವ್ವ.

ಅವನ ಪಕ್ಕಕ್ಕೆ ಸರಿದು ಕೂತಳು. ಆಗ ಅವನು, ಮೂವತ್ತೊಂದು ವರ್ಷದ ನಂತರ, ಮಗಳ ಹೆಸರನ್ನು ಒಮ್ಮೆ ಬಾಯಿಬಿಟ್ಟು ಅಂದ.