ಕಬ್ಬಿನ ದಾರಿಯ ಗೇಟು

ಎರಡನೇ ಮಹಾಯುದ್ಧ ಶುರುವಾದ ಮರುವರ್ಷದ ಕಾರ್ತಿಕ ಮಾಸ, ಇನ್ನೂ ಹೊತ್ತು ಹುಟ್ಟಿರಲಿಲ್ಲ. ಹನಕೆರೆ ಸ್ಟೇಷನ್ನಿನಿಂದ ಅರ್ಧ ಮೈಲಿ ಮಂಡ್ಯದ ಕಡೆಗೆ, ಹಳಿಯ ಪಕ್ಕದಲ್ಲಿ ನಾವು ಜಲ್ಲಿ ಹೊರುತ್ತಿದ್ದೆವು.

"ಲೇ, ಮಂಕ್ರಿ ನನ್ ಬದೀನ್ ಮ್ಯಾಲೆ ಮಡಗ್ಬ್ಯಾಡ್ರುಲಾ, ಒಲೇರ್ ನನ್ಮಕ್ಕಳಾ. ನಾಳೀಕೆ ನಾನು ಅದ್ರ ಮ್ಯಾಲೆ ಓಡಾಡ್ಬೇಕು."

ಹಾಗೆಂದವನು ಪಟೇಲ ಅಂಕೇಗೌಡ. ಅವನ ಕಬ್ಬಿನ ಗಾಡಿಗಳು ಹಳಿ ದಾಟಿ ಸಕ್ಕರೆ ಫ್ಯಾಕ್ಟರಿಗೆ ಹೋಗಲೆಂದೇ ಅಲ್ಲಿ ಹೊಸ ಗೇಟು ಬರುತ್ತಿತ್ತು. ನಾವು ಜಲ್ಲಿ ತುಂಬಿದ ಮಂಕರಿಯನ್ನು ತಲೆಯ ಮೇಲೇ ಇಟ್ಟುಕೊಂಡು ದಣಿವಾರಿಸಿಕೊಂಡೆವು.

ಎರಡು ತಿಂಗಳ ಕೆಲಸ. ಏರಿ ಕಡಿದು ಎರಡೂ ಕಡೆ ಇಳಿಜಾರು ಮಾಡಿದೆವು. ಗಾಡಿಯ ಚಕ್ರ ಸಿಕ್ಕಿಕೊಳ್ಳಬಾರದೆಂದು ಹಳಿಯ ಒಳಮಗ್ಗುಲಿಗೆ ಇನ್ನೊಂದು ಹಳಿ ಕೂರಿಸಿ, ನಡುವೆ ಮರದ ದಿಮ್ಮಿ ಹಾಸಿದೆವು. ಗೇಟಿನ ಕಂಬಕ್ಕೆ ನಾಲ್ಕು ಕುಣಿ. ಮೂರನ್ನು ತೋಡಿದವನು ನಾನು. ನಾಲ್ಕನೆಯದು ಹೊನ್ನಯ್ಯನದು. ಅದೂ ಅರ್ಧಕ್ಕೆ ಬಂಡೆ ಸಿಕ್ಕಿತೆಂದು ನನ್ನನ್ನೇ ಕರೆದ. ಇಬ್ಬರದೂ ಒಂದೇ ಕೇರಿ, ಗೋಡೆಗೆ ಗೋಡೆ.

ಗೇಟಿನ ಪಕ್ಕ ಕಲ್ಲಿನ ಒಂದು ಕೋಣೆಯ ಮನೆ ಎದ್ದಿತು. ಅದು ಮುಗಿದ ದಿನ ರೈಲ್ವೆ ಇನ್ಸ್‌ಪೆಕ್ಟರು ಬಂದರು. ಗೇಟು ಕಾಯಲು ಒಬ್ಬ ಬೇಕು, ಮನೆ ಅವನಿಗೇ ಎಂದರು. ನಮ್ಮಿಬ್ಬರನ್ನು ಎದುರಿಗೆ ನಿಲ್ಲಿಸಿ ಕೇಳಿದರು.

"ರೈಲು ಬರ್ತಾ ಇದೆ. ಪಟೇಲರ ಗಾಡೀನೂ ಬಂತು. ಯಾರಿಗೆ ದಾರಿ ಮೊದಲು?"

ಪಟೇಲ ಅಲ್ಲೇ ಬೇವಿನ ಮರದ ಕೆಳಗಿದ್ದ. ನನ್ನ ಕಣ್ಣಿಗೆ ಬಿದ್ದಿದ್ದ. "ಪಟೇಲ್ರಿಗೆ ಸ್ವಾಮಿ" ಅಂದೆ.

ಹೊನ್ನಯ್ಯ ನೆಲ ನೋಡಿಕೊಂಡು ನಿಂತಿದ್ದ. ಮರದ ಕೆಳಗೆ ಯಾರಿದ್ದಾರೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. "ರೈಲಿಗೆ ಸ್ವಾಮಿ" ಅಂದ.

ಕೆಲಸ ಅವನಿಗಾಯಿತು. ಹಿತ್ತಾಳೆ ಗುಂಡಿಯ ನೀಲಿ ಕೋಟು, ಕೆಂಪೊಂದು ಹಸಿರೊಂದು ಬಾವುಟ, ಕೈದೀಪ, ಗೇಟಿನ ಬೀಗದ ಕೈ.

ನನ್ನ ಹೆಂಡತಿ ಬೆಳ್ಳಮ್ಮ ಅವತ್ತು ಅನ್ನ ಇಕ್ಕಲಿಲ್ಲ. "ನೋಡೋಗು, ಒನ್ನಯ್ಯನ್ ಎಡ್ತಿ ಮಾಯಮ್ಮ ಕಲ್ ಜಗಲಿ ಮ್ಯಾಲೆ ಕಾಲ್ ಚಾಚ್ಕೊಂಡು ಎಲೆ ಅಡಕೆ ಆಕ್ತಾವ್ಳೆ. ನೀನು ಮೂರ್ ಕುಣಿ ತೋಡ್ದಲ್ಲ, ಓಗಿ ಅದ್ರಲ್ಲೇ ಬಿದ್ಕೊ."

ನಾನು ಪಟೇಲನ ಜೀತಕ್ಕೇ ಹಿಂತಿರುಗಿದೆ. ಅವನ ಕಬ್ಬಿನ ಮುಂದಿನ ಗಾಡಿ ಹೊಡೆಯುವುದು ನನ್ನ ಕೆಲಸ. ಹೊನ್ನಯ್ಯ ಕೈ ಎತ್ತಿದರೆ ನನ್ನ ಎತ್ತು ನಿಲ್ಲಬೇಕು. ನನ್ನ ಹಿಂದೆ ಪಟೇಲನ ಕಮಾನು ಗಾಡಿಯೂ ನಿಲ್ಲಬೇಕು. ಅದನ್ನು ಕಂಡು ಕೇರಿಯವರು ಒಳಗೊಳಗೇ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಆ ಕೈ ನನ್ನದಾಗಬೇಕಿತ್ತು.

"ಸಿದ್ದ, ನೀರ್ ಕುಡ್ಕೊಂಡು ಓಗ್ಲಾ" ಎಂದು ಹೊನ್ನಯ್ಯ ಕರೆಯುತ್ತಿದ್ದ. ಹೋಗಿ ಕುಡಿಯುತ್ತಿದ್ದೆ. ಕುಡಿಯುವಾಗಲೂ ಕಣ್ಣು ಕೋಟಿನ ಮೇಲೇ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಗೇಟು ಹಾಕಿತ್ತು, ನನ್ನ ಗಾಡಿ ಎಲ್ಲಕ್ಕಿಂತ ಮುಂದೆ ನಿಂತಿತ್ತು. ರೈಲು ಹನಕೆರೆ ಬಿಟ್ಟು ಕೂಗುತ್ತಿತ್ತು. ಹೊನ್ನಯ್ಯ ಹಸಿರು ಬಾವುಟ ಚಾಚಿಕೊಂಡು ನಿಂತಿದ್ದ. ಪಟೇಲ ಕಮಾನು ಗಾಡಿಯಿಂದ ಇಳಿದು ಬಂದ.

"ಯಾಕ್ಲಾ, ಕೋಟ್ ಆಕ್ಕೊಂಡ್ರೆ ಸೊಂಟ ಬಗ್ಗಕಿಲ್ವೇನ್ಲಾ? ನಿಮ್ಮಪ್ಪ ನನ್ ಎಕ್ಕಡ ಒತ್ಕೊಂಡ್ ತಿರುಗ್ದೋನು ಕಣ್ಲಾ."

ಪಟೇಲ ಎದುರಿಗೆ ಬಂದು ದನಿ ತೆಗೆದರೆ ನಮ್ಮ ಕೇರಿಯವರು ದಾರಿ ಬಿಟ್ಟು ಇಳಿದು, ಕೈಯಲ್ಲಿದ್ದುದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈ ಮುಗಿಯಬೇಕು. ಮೈಗೆ ಅಂಟಿದ ಅಭ್ಯಾಸ. ಹೊನ್ನಯ್ಯನೂ ಹಾಗೇ ಮಾಡಿದ. ಬಾವುಟ ಕಂಕುಳಿಗೆ ಹೋಯಿತು. ಬಾವುಟ ಕಾಣದೆ ಡ್ರೈವರು ರೈಲು ನಿಲ್ಲಿಸಿದ. ರೈಲಿನ ಜನವೆಲ್ಲ ತಲೆ ಹೊರಗೆ ಹಾಕಿ, ಕೋಟು ತೊಟ್ಟು ಕೈ ಮುಗಿದು ನಿಂತವನನ್ನು ನೋಡಿದರು.

ಮೂರನೆಯ ದಿನ ಇನ್ಸ್‌ಪೆಕ್ಟರು ವಿಚಾರಣೆಗೆ ಬಂದರು. ಹೊನ್ನಯ್ಯ ನಡೆದದ್ದನ್ನು ನಡೆದ ಹಾಗೆ ಹೇಳಿದ.

"ನಾನು ಆವತ್ತು ಮದ್ದೂರಲ್ಲಿದ್ದೆ ಸ್ವಾಮಿ" ಎಂದ ಪಟೇಲ. "ಇವ್ನು ಕುಡ್ದಿದ್ನಂತೆ. ನನ್ ಮಾತ್ ಬ್ಯಾಡ, ಅವ್ನ ಕೇರಿಯವ್ನನ್ನೇ ಕೇಳಿ."

ಹೊನ್ನಯ್ಯ ನನ್ನ ಕಡೆ ತಿರುಗಿದ. "ಯೋಳ್ಲಾ ಸಿದ್ದ. ನೀನೇ ಗಾಡಿ ಒಡ್ಕೊಂಡು ಬಂದಿದ್ಯಲ್ಲ."

ಪಟೇಲನ ಭಯವಿತ್ತು, ಇಲ್ಲವೆನ್ನಲಾರೆ. ಆದರೆ ಆ ಹೊತ್ತಿನಲ್ಲಿ ನಾನು ನೋಡುತ್ತಿದ್ದದ್ದು ಪಟೇಲನನ್ನಲ್ಲ, ಹಿತ್ತಾಳೆಯ ಗುಂಡಿಗಳನ್ನು.

"ಕುಡ್ದಿದ್ದ ಸ್ವಾಮಿ" ಅಂದೆ.

ಹೊನ್ನಯ್ಯನನ್ನು ತೆಗೆದರು. ಪಟೇಲನ ಮಾತಿನ ಮೇಲೆ ಕೋಟು ನನಗೆ ಬಂತು. "ಇನ್ಮ್ಯಾಕೆ ನನ್ ಗಾಡಿ ನಿಲ್ಬಾರ್ದು, ತಿಳೀತಾ?" ಅಂದ. "ಊಂ ಬುದ್ದಿ" ಅಂದೆ.

ಮನೆ ಬಿಡುವ ದಿನ ಹೊನ್ನಯ್ಯ ನನ್ನನ್ನು ಬಯ್ಯಲಿಲ್ಲ. ಬೀಗದ ಕೈಯನ್ನು ಜಗಲಿಯ ಮೇಲಿಟ್ಟ. "ದೀಪದ ಬತ್ತಿ ಜಾಸ್ತಿ ಎತ್ಬ್ಯಾಡ, ಒಗೆ ಇಡ್ಕತದೆ" ಅಂದ. ಬಯ್ದವಳು ಮಾಯಮ್ಮ. "ನಿನ್ ಒಟ್ಟೆಕಿಚ್ನಲ್ಲೇ ಒಲೆ ಅಚ್ಕೊಳ್ಲಾ, ಸೌದೆ ಯಾಕೆ" ಎಂದು ಉಗಿದಳು.

ಗಂಟು ಹೊತ್ತು ಇಬ್ಬರೂ ಹಳಿಯಾಚೆಯ ದಾರಿಗೆ ಇಳಿದರು. ರೈಲು ಆಗತಾನೇ ಹೋಗಿತ್ತು. ಈಚೆ, ಮುಚ್ಚಿದ ಗೇಟಿನ ಹಿಂದೆ, ಪಟೇಲನ ಗಾಡಿಗಳು ಸಾಲಾಗಿ ನಿಂತಿದ್ದವು. ಹೊನ್ನಯ್ಯ ನಡುದಾರಿಯಲ್ಲಿ, ತಲೆ ತಗ್ಗಿಸದೆ ನಡೆಯುತ್ತಿದ್ದ. ಕೋಟು ನನ್ನ ಮೈಮೇಲಿತ್ತು. ಆ ನಡಿಗೆ ಕಂಡು ಮತ್ತೆ ಹೊಟ್ಟೆ ಉರಿಯಿತು.

"ಗೇಟ್ ತಗೀಲಾ" ಎಂದ ಪಟೇಲ. "ಓಗಿ ಆ ನನ್ಮಕ್ಕಳನ್ನ ದಾರಿಯಿಂದ ಕೆಳೀಕ್ ಇಳ್ಸು."

"ತಗಿಯಾಕಿಲ್ಲ."

"ಏನಂದೆ? ರೈಲ್ ಓಯ್ತಲ್ಲಲಾ."

"ಅವ್ರಿನ್ನೂ ದಾರೀಲವ್ರೆ."

ಪಟೇಲ ಗೇಟಿನ ಸಂದಿಯಿಂದ ಬಾರುಗೋಲು ಬೀಸಿದ. ಭುಜದ ಮೇಲೆ ಕೋಟು ಹರಿಯಿತು. ಇನ್ನೊಂದು ಏಟು ಕಿವಿಗೆ ಬಿತ್ತು. ಎತ್ತುಗಳು ಕೊರಳು ಕೊಡವಿದವು. ದೂರದಲ್ಲಿ ಎರಡು ಗಂಟುಗಳು ಹುಣಸೆ ತೋಪಿನ ತಿರುವು ದಾಟುವ ತನಕ ನಾನು ಬೀಗಕ್ಕೆ ಕೈ ಹಾಕಲಿಲ್ಲ.

ಹೊನ್ನಯ್ಯ, ಮಾಯಮ್ಮ ಹೋದದ್ದು ಬುಧವಾರ, ಮಂಡ್ಯದ ಕಡೆಗೆ. ಕೋಟು ಬಿಚ್ಚಿ ಕೊಟ್ಟು ನಾನೂ ಬೆಳ್ಳಮ್ಮನೂ ಹೋದದ್ದು ಶನಿವಾರ, ಮಳವಳ್ಳಿಯ ಕಡೆಗೆ. ಅವರು ಹೋದ ದಾರಿ ಹಿಡಿಯಲು ನನಗೆ ಮುಖವಿರಲಿಲ್ಲ.