ಲಗಮವ್ವನ ಮುಖವಿಲ್ಲದ ಹಾಡು

೧
ಎಲ್ಲಿಂದ ಶುರು ಮಾಡಲಿ? 'ಅದು ೨೦೦೩ನೇ ಇಸವಿ' ಎಂದರೆ ಸರ್ಕಾರಿ ವರದಿಯಾಗುತ್ತದೆ. ಹೂಲಿ ಎಂಬ ಊರಿನ ಹಳೆಯ ಗುಡಿಗಳಿಂದ ಶುರು ಮಾಡಿದರೆ ಕಥಾನಾಯಕ ಗೌರೀಶನೇ ಮೂಗು ಮುರಿಯುತ್ತಾನೆ: "ಅದು ಟೂರಿಸ್ಟ್ ಕಣ್ಣರೀ ಸರ." (ಬೈಲಹೊಂಗಲದವನು. ಧಾರವಾಡದಲ್ಲಿ ಪತ್ರಿಕೋದ್ಯಮದ ಎಂ.ಎ. ಓದಿದ್ದಕ್ಕಿಂತ ಅಂಡರ್‌ಲೈನ್ ಮಾಡಿದ್ದೇ ಹೆಚ್ಚು.) ಅವನ ವಿಡಿಯೋದಿಂದಲೇ ಹೊರಡೋಣ.

೨
ಥಿಯರಿ ಅಳವಡಿಸಿ ಒಂದು ಮ್ಯೂಸಿಕ್ ವಿಡಿಯೋ ಮಾಡುವುದು ಅವನ ಪ್ರಾಜೆಕ್ಟು. ಆ ವಾರ ಓದಿದ್ದು 'ನೋಟದ ರಾಜಕಾರಣ': ಕ್ಯಾಮೆರಾ ಹೆಣ್ಣನ್ನು ನೋಡುವುದಿಲ್ಲ, ತಿನ್ನುತ್ತದೆ. ತಾನಂತೂ ಹಾಗೆ ಮಾಡುವವನಲ್ಲ ಎಂದು ಆಣೆ ಮಾಡಿಕೊಂಡ. ಹೂಲಿಯಲ್ಲಿ ನಲವತ್ತು ವರ್ಷ ಲಗ್ನಗಳಲ್ಲಿ ಸೋಬಾನ ಹಾಡಿದ ಲಗಮವ್ವನನ್ನು ವಿಡಿಯೋದಲ್ಲಿ ಹಾಡಲು ಒಪ್ಪಿಸಿದ.

ಆಕೆ ಇಳಕಲ್ ಸೀರೆಯುಟ್ಟು, ನೆರೆಮನೆಯ ಮಹಾನಂದಾಳ ಸರ ಕೇಳಿ ತಂದು ಹಾಕಿಕೊಂಡು ಕುಳಿತಳು.

"ಲಗ್ನದ ವಿಡಿಯೋದಾಗ ಉಣ್ಣಾವರೂ ಬರತಾರೋ ತಮ್ಮಾ, ಹಾಡಾಕಿ ಬರಂಗಿಲ್ಲ. ಈ ಸಲ ನನ್ನ ಮಾರಿ ಬರತೈತಲ್ಲ?"

"ಬರತೈತಿ ತಗೋಬೇ ಯವ್ವಾ."

ಎರಡು ದಿನ ಆಕೆಯ ಕೈ ಮಾತ್ರ ತೆಗೆದ. ಬಳೆ ಸರಿಸುವ ಕೈ, ಆರತಿ ತಟ್ಟೆ ಹಿಡಿದ ಕೈ, ತಾಳ ಹಾಕುವ ಕೈ. ಮುಖ ತೋರಿಸಿದರೆ ಆಕೆ ನೋಟದ ಸರಕಾಗುತ್ತಾಳಲ್ಲ! ಹೇಳಿದರೂ ಆಕೆಗೆ ತಿಳಿಯುವುದಿಲ್ಲ ಎಂದುಕೊಂಡು ಹೇಳಲಿಲ್ಲ.

೩
(ಇಲ್ಲಿ ಗೌರೀಶ ಮನಸ್ಸು ಬದಲಿಸಿ ಕ್ಯಾಮೆರಾ ಮೇಲೆತ್ತಿದ ಎಂದು ಒಮ್ಮೆ ಬರೆದಿದ್ದೆ. ಹರಿದು ಹಾಕಿದೆ. ಎತ್ತಲಿಲ್ಲ.)

೪
ಪ್ರಾಜೆಕ್ಟ್ ನೋಡಿದ ಗೈಡು ಮೇಷ್ಟ್ರು ಬೆನ್ನು ತಟ್ಟಿದರು. ಮುನವಳ್ಳಿಯ ಲೋಕಲ್ ಕೇಬಲ್‌ನಲ್ಲೂ ಹಾಡು ಬಂತು. ಅಲ್ಲಿರುವ ತಂಗಿ ಸತ್ಯವ್ವನ ಮನೆಯಲ್ಲಿ ಲಗಮವ್ವ ಇಡೀ ಓಣಿಯನ್ನು ಟಿವಿ ಮುಂದೆ ಕೂಡಿಸಿದ್ದಳು. ಚಪ್ಪಾಳೆಯ ಆಸೆಗೆ ಗೌರೀಶನೂ ಹೋಗಿದ್ದ.

ಹಾಡು ಮುಗಿಯಿತು. ಯಾರೋ ಮುದುಕಿ ಕೇಳಿದಳು: "ಕೈ ಯಾರದಬೇ ಲಗಮಿ?"

ಲಗಮವ್ವ ಸೆರಗನ್ನು ಮುಖದ ಮೇಲೆಳೆದುಕೊಂಡಳು. "ನನ್ನ ಮಾರಿ ಅಷ್ಟು ಹೊಲಸ ಐತೇನೋ ತಮ್ಮಾ?"

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಗೌರೀಶನಿಗೆ. ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ.

೫
ಮುಕ್ತಾಯ ಒಂದು: ಗೌರೀಶ ಮತ್ತೆ ಹೋಗಿ ಆಕೆಯ ಮುಖ ಶೂಟ್ ಮಾಡಿದ, ಆಕೆ ಕ್ಷಮಿಸಿದಳು.

"ನಾ ಹೋಗೇ ಇಲ್ಲರೀ ಸರ," ಎಂದು ಗೌರೀಶ ಅಡ್ಡ ಬಂದ. "ಹೂಲಿ ಬಸ್ ಕಂಡ್ರ ಈಗೂ ತಿರುಗಿ ನಿಲ್ಲತೇನಿ. ಸುಳ್ಳ ಬರೀಬ್ಯಾಡ್ರಿ."

ಮುಕ್ತಾಯ ಎರಡು: ಲಗಮವ್ವ ಕೊರಗಿ ಕೊರಗಿ ತೀರಿಕೊಂಡಳು.

"ನಿಮ್ಮ ಕತಿ ಮುಗೀಲಿ ಅಂತ ನಾ ಸಾಯಬೇಕೇನ್ರಿ?" ಎಂದು ಆಕೆಯೇ ಗದರಿದಳು. ಆಮೇಲೆ ದನಿ ಇಳಿಸಿ, "ನೀವರ ಬರದೀರೇನ್ರಿ, ನನ್ನ ಮಾರಿ ಹೆಂಗೈತಿ ಅಂತ?"

ಬರೆದಿದ್ದನ್ನೆಲ್ಲ ತಿರುವಿ ನೋಡಿದೆ. ಸೀರೆ ಇದೆ, ಸರ ಇದೆ, ಕೈ ಇದೆ. (ಓದುಗರೇ, ನೀವೂ ಕೇಳಲಿಲ್ಲ.) ಹೇಗಿತ್ತಪ್ಪಾ ಎಂದು ಗೌರೀಶನನ್ನು ಕೇಳಿದೆ.

"ನೋಡೇ ಇಲ್ಲರೀ ಸರ. ಎರಡೂ ದಿನ ನನ್ನ ಕಣ್ಣು ಕ್ಯಾಮೆರಾದಾಗ ಇತ್ತು."

ಲಗಮವ್ವ ಸೆರಗು ಸರಿಸಿ ನನ್ನ ಮುಂದೆ ಕುಳಿತು ಕಾಯುತ್ತಿದ್ದಾಳೆ. ಒಮ್ಮೆ ಕತ್ತೆತ್ತಿ ನೋಡಿದರೆ ಬರೆಯಬಹುದು. ನಾಚಿಕೆಗೆ ಕತ್ತು ಏಳುತ್ತಿಲ್ಲ.