ಕಪಾಳಕ್ಕೊಂದು ಒನ್ಸ್ ಮೋರ್

ಸುಂದರಕ್ಕ ನಾಟಕ ಬರೆದದ್ದು ಗಂಡಸರು ನಾಚಿಕೊಳ್ಳಲಿ ಎಂದು. ಬೈಲಹೊಂಗಲದಲ್ಲಿ ಸಾರಾಯಿ ಅಂಗಡಿಯ ಮುಂದೆ ಧರಣಿ ಕೂತು, ಕುಡುಕರ ಬೈಗುಳ ತಿಂದು, ಭಾಷಣಕ್ಕೆ ಯಾರೂ ಬಗ್ಗುವುದಿಲ್ಲ ಎಂದು ತಿಳಿದ ಮೇಲೆ ಲೇಖನಿ ಹಿಡಿದವಳು ಅವಳು. ಅದು ತೊಂಬತ್ತಾರನೇ ಇಸವಿ. ನಾಟಕದ ನಡುವೆ ಗಂಡ ಹೆಂಡತಿಯ ಕಪಾಳಕ್ಕೆ ಹೊಡೆಯುತ್ತಾನೆ. ಆ ಹೆಂಡತಿ ನಾನು, ಬ್ಲೌಸ್ ಹೊಲಿಯುವ ಮೆಹೆರಾಜ. ಗಂಡನ ಪಾತ್ರಕ್ಕೆ ಮಹಾಂತಪ್ಪ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಲಾರಿಗಳ ಧಣಿ. ಪರದೆ, ಮೈಕು, ಊಟ ಎಲ್ಲ ಅವನದೇ, ಹಾಗಾಗಿ ನಾಯಕನೂ ಅವನೇ. ನಮ್ಮ ಮಹಿಳಾ ಜಾಗೃತಿ ಸಮಿತಿಯ ಅಧ್ಯಕ್ಷನೂ ಅವನೇ ಎಂಬುದನ್ನು ದಯವಿಟ್ಟು ನಗದೆ ಓದಬೇಕು.

"ಹೊಡ್ತ ಬಿದ್ದ ಕೂಡ್ಲೆ ಮಂದಿ ತಲಿ ತಗ್ಗಸ್ತಾರ, ನೋಡ್ತಿರು," ಎಂದಿದ್ದಳು ಸುಂದರಕ್ಕ.

ಕಿತ್ತೂರಿನಲ್ಲಿ ಹೊಡೆತ ಬಿತ್ತು. ಒಂದು ತಲೆಯೂ ತಗ್ಗಲಿಲ್ಲ. ಗಂಡಸರ ಕಡೆಯಿಂದ ಸಿಳ್ಳೆಯ ಜೊತೆ "ಒನ್ಸ್ ಮೋರ್!" ಬಂತು. ನಮ್ಮ ಕಡೆ ಒನ್ಸ್ ಮೋರ್ ಎಂದರೆ ಮುಗಿಯಿತು, ಹಾಡಾಗಲಿ ಮಾತಾಗಲಿ ಮತ್ತೆ ಆಡಲೇಬೇಕು. ಇಲ್ಲವೆಂದರೆ ಪ್ರೇಕ್ಷಕರಿಗೆ ಅವಮಾನ. ಮಹಾಂತಪ್ಪ ಮುಂದೆ ಬಂದು ಕೈಮುಗಿದು, ಹಿಂದೆ ಸರಿದು, ಮತ್ತೊಮ್ಮೆ ಬಾರಿಸಿದ. ಮತ್ತೆ ಒನ್ಸ್ ಮೋರ್. ಪರದೆಯ ಹಿಂದೆ ಸುಂದರಕ್ಕ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಬರೆದವಳಿಗೇ ಇಷ್ಟು ನೋವಾದರೆ ತಿಂದವಳಿಗೆ ಎಷ್ಟಾಗಬೇಡ?

"ಅಳೂದು ಸಾಕ್ರಿ ಅಕ್ಕಾ. ನಾ ತಿರುಗಿ ಹೊಡಿಯೂ ಹಂಗ ಬರೀರಿ. ಇಲ್ಲಂದ್ರ ನಾಳಿಂದ ನಾ ಬರಾಂಗಿಲ್ಲ," ಎಂದೆ.

ಬರೆದಳು. ಮಹಾಂತಪ್ಪ ಕೆಂಡವಾದ. "ನಾಕ್ ಮಂದ್ಯಾಗ ಹೆಂಗಸಿನ ಕೈಲೆ ಹೊಡಿಸಿಕೊಳ್ಳೂದೇನು?"

ಸುಂದರಕ್ಕನಿಗೆ ಅಷ್ಟು ಹೊತ್ತಿಗೆ ಗಂಡಸರ ವಿಷಯ ಕೊಂಚ ತಿಳಿದಿತ್ತು. "ಧಣ್ಯಾರ, ಅದಕ್ಕ ಇನ್ನೂ ದೊಡ್ಡ ಒನ್ಸ್ ಮೋರ್ ಬರತೈತ್ರಿ," ಎಂದಳು. ಅವನು ಮೀಸೆ ತೀಡಿ ಒಪ್ಪಿದ.

ಮುಂದಿನ ಆಟ ಯರಗಟ್ಟಿಯಲ್ಲಿ, ಸಂತೆಯ ದಿನ ಮಧ್ಯಾಹ್ನ. ಇದೂ ಕೆಟ್ಟರೆ ಇನ್ನು ನಾಟಕ ಬರೆಯುವುದೇ ಇಲ್ಲ ಎಂದು ಸುಂದರಕ್ಕ ಬಸ್ಸಿನಲ್ಲೇ ಹೇಳಿದ್ದಳು. ಮಹಾಂತಪ್ಪ ಹೊಡೆದ. ಸಿಳ್ಳೆ ಏಳುವ ಮೊದಲೇ ನಾನೂ ಹೊಡೆದೆ. ಪೆಂಡಾಲ್ ಗಪ್ಪಾಯಿತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಮಹಾಂತಪ್ಪ ಕೆನ್ನೆ ಹಿಡಿದುಕೊಂಡು ಒನ್ಸ್ ಮೋರ್‌ಗೆ ಕಾಯುತ್ತ ನಿಂತ. ಪಾಪ, ಬರಲೇ ಇಲ್ಲ.

ಆಗ ಹೆಂಗಸರ ಕಡೆ ಒಬ್ಬಳು ಎದ್ದಳು. ನಮಗೆಲ್ಲ ಬುತ್ತಿ ಕಟ್ಟಿ ತಂದಿದ್ದ ಗಂಗಾ, ಮಹಾಂತಪ್ಪನ ಹೆಂಡತಿ. ನಳದ ನೀರಿಗೆ ಬಂದಾಗಲೂ ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡೇ ಬರುವವಳು. ಯಾಕೆಂದು ಓಣಿಗೆಲ್ಲ ಗೊತ್ತಿತ್ತು, ಯಾರೂ ಕೇಳಿದ್ದಿಲ್ಲ. ಈಗ ಸೆರಗು ಹೆಗಲ ಮೇಲಿತ್ತು.

"ಒನ್ಸ್ ಮೋರ್," ಎಂದಳು.

ಮಹಾಂತಪ್ಪ ಹೆಂಡತಿಯನ್ನು ನೋಡಿದ, ಜನರನ್ನು ನೋಡಿದ. ಇಲ್ಲವೆನ್ನುವ ಹಾಗಿರಲಿಲ್ಲ. ಮುಂದೆ ಬಂದು ಕೈಮುಗಿದ, ಹಿಂದೆ ಸರಿದ, ತಲೆ ತಗ್ಗಿಸಿ ನಿಂತ.

ನಾನು ಗಂಗಾಳ ಮುಖ ನೋಡಿಕೊಂಡೇ ಕೈ ಎತ್ತಿದೆ.